ಬ್ಯಾಂಕಿನಲ್ಲಿಟ್ಟ ದನಿ

ಬ್ಯಾಂಕಿನ ಫೋನಿನೊಳಗಿನ ಆ ಹೆಣ್ಣು ಕೈಗೆ ಸಿಕ್ಕಿದ್ದರೆ ಒಂದು ಕೈ ನೋಡಿಕೊಳ್ಳುತ್ತಿದ್ದೆ. ಸಿಟ್ಟೇ ಬರದ ದನಿ ಅವಳದು. "ಕ್ಷಮಿಸಿ, ನಿಮ್ಮ ದನಿ ಹೊಂದಿಕೆಯಾಗುತ್ತಿಲ್ಲ" ಎಂದು ಹೇಳಿ, ಒಂದು ಚೂರು ಸಂಗೀತ ಹಾಕಿ, ಮತ್ತೆ ಅದನ್ನೇ ಹೇಳುತ್ತಾಳೆ. ನನ್ನ ಗಂಡ ಮಂಚದ ತುದಿಯಲ್ಲಿ ಕೂತು, ಕುತ್ತಿಗೆಯ ನರ ಉಬ್ಬಿಸಿಕೊಂಡು ಮತ್ತೆ ಪ್ರಯತ್ನ ಮಾಡುತ್ತಾರೆ. ಬರುವುದು ಬರೀ ಗಾಳಿ. ಆಮೇಲೆ ಒಂದು ಮೆಸೇಜು ಬರುತ್ತದೆ, ಪ್ರಯತ್ನ ವಿಫಲವಾದ್ದರಿಂದ ಇಷ್ಟು ಶುಲ್ಕ ಹಿಡಿಯಲಾಗಿದೆ ಎಂದು. ಆ ಮೆಸೇಜು ಕಳಿಸಿದ್ದಕ್ಕೂ ತಿಂಗಳ ಕೊನೆಗೆ ಬೇರೆ ಶುಲ್ಕ. ನಮ್ಮ ಜೇಬಿಗೆ ಕತ್ತರಿ ಹಾಕಿ, ಹಾಕಿದ್ದೇವೆ ಎಂದು ತಿಳಿಸುವುದಕ್ಕೂ ಕೂಲಿ ಕೇಳುವ ಜನ ಇವರು.

ನನ್ನ ಗಂಡ ತರಕಾರಿ ಸಗಟು ಮಾರುಕಟ್ಟೆಯಲ್ಲಿ ಹರಾಜು ಕೂಗುತ್ತಿದ್ದವರು. ಅಲ್ಲಿಯವರೆಲ್ಲ ಅವರನ್ನು ಮೈಕಣ್ಣ ಎಂದೇ ಕರೆಯುವುದು. ಮೈಕಿನ ಹಂಗಿಲ್ಲದೆ ಅವರ ಕೂಗು ಲಾರಿಗಳ ಸಾಲು ದಾಟಿ ಹೋಗುತ್ತಿತ್ತು. ನಾನು ಅದೇ ಮಾರುಕಟ್ಟೆಯ ಮೂಲೆಯಲ್ಲಿ ಕೂತು ಹರಿದ ಗೋಣಿಚೀಲ ಹೊಲಿಯುತ್ತೇನೆ. ತಲೆ ಎತ್ತದೆಯೇ ನನಗೆ ಈರುಳ್ಳಿ ಮುಗಿಯಿತು, ಟೊಮೆಟೊಗೆ ಬಂದರು ಎಂದು ಗೊತ್ತಾಗುತ್ತಿತ್ತು. ಮನೆಯಲ್ಲೂ ಅದೇ ಗಂಟಲು. ಇವರು ಉಪ್ಪು ಕೇಳಿದರೆ ಪಕ್ಕದ ಮನೆಯವರು ತಂದುಕೊಡಬೇಕು, ಹಾಗೆ. "ಸ್ವಲ್ಪ ಮೆಲ್ಲಗೆ ಮಾತಾಡ್ರೀ, ನಾನೇನು ಕಿವುಡಿನಾ" ಎಂದು ದಿನವೂ ರೇಗುತ್ತಿದ್ದೆ. ಆ ಮಾತು ನೆನೆದರೆ ಈಗ ನನ್ನ ಬಾಯಿಗೇ ಹೊಡೆದುಕೊಳ್ಳಬೇಕು ಅನ್ನಿಸುತ್ತದೆ.

ಕೆಲವು ವರ್ಷದ ಹಿಂದೆ ಬ್ಯಾಂಕಿನವರು ಮಾರುಕಟ್ಟೆಗೇ ಬಂದು ಮೇಜು ಹಾಕಿಕೊಂಡು ಕೂತರು. ಹೊಸ ನಮೂನೆ ಅಕೌಂಟಂತೆ. ಸಹಿ ಬೇಡ, ಕಾರ್ಡು ಬೇಡ, ದನಿಯೇ ಬೀಗದ ಕೈ. ಒಂದು ವಾಕ್ಯ ಹೇಳಿ ದಾಖಲಿಸಿದರೆ ಸಾಕು, ಆಮೇಲೆ ದುಡ್ಡು ಬೇಕಾದಾಗ ಫೋನ್ ಮಾಡಿ ಅದನ್ನೇ ಹೇಳುವುದು. ನಾವಿಬ್ಬರೂ ಸೇರಿ ಅಕೌಂಟ್ ತೆರೆದೆವು, ದನಿ ಮಾತ್ರ ಅವರದು. ಸುತ್ತ ಗಲಾಟೆ ಇತ್ತು ನೋಡಿ, ಬ್ಯಾಂಕಿನ ಹುಡುಗ "ಅಣ್ಣ, ಜೋರಾಗಿ ಹೇಳಿ" ಎಂದ. ಇವರಿಗೆ ಜೋರು ಅಂದರೆ ಒಂದೇ ಗೊತ್ತು. ಎಡಗೈ ಕಿವಿಗೆ ಹಿಡಿದು, ಹರಾಜಿನ ರಾಗದಲ್ಲೇ "ನನ್ನ ದನಿಯೇ ನನ್ನ ಗುರುತು" ಎಂದು ಕೂಗಿ, ಅಭ್ಯಾಸಬಲದಿಂದ "ಒಂದ್ ಸಲ, ಎರಡ್ ಸಲ, ಮೂರ್ ಸಲ" ಎಂದೂ ಸೇರಿಸಿಬಿಟ್ಟರು. ಹಮಾಲರೆಲ್ಲ ಬಿದ್ದು ಬಿದ್ದು ನಕ್ಕರು. "ಇದನ್ನ ಯಾವ ಕಳ್ಳನೂ ಕದಿಯಕ್ಕಾಗಲ್ಲ ಬಿಡಿ" ಎಂದು ಆ ಹುಡುಗ ಅದನ್ನೇ ಉಳಿಸಿಕೊಂಡ.

ಹೋದ ವರ್ಷ ಇವರ ಗಂಟಲಲ್ಲಿ ಗಂಟಾಯಿತು. ಡಾಕ್ಟರು ಗಂಟು ತೆಗೆದರು, ಅದರ ಜೊತೆಗೆ ದನಿಯೂ ಹೋಯಿತು. ಜೀವ ಉಳಿಯಿತಲ್ಲ, ಅಷ್ಟು ಸಾಕು ಎಂದೆ. ಸುಳ್ಳು ಹೇಳುವುದಿಲ್ಲ, ಆಗ ನಿಜವಾಗಿಯೂ ಅಷ್ಟೇ ಸಾಕಾಗಿತ್ತು. ಈಗ ಅವರ ಮಾತು ಪಕ್ಕದಲ್ಲಿ ಕೂತು ಬಾಯಿ ನೋಡಿದರೆ ಮಾತ್ರ ತಿಳಿಯುತ್ತದೆ.

ಹರಾಜಿನ ಕೆಲಸ ಬೇರೆಯವರ ಪಾಲಾಯಿತು. ಹೊಟ್ಟೆ ಕೇಳಬೇಕಲ್ಲ. ಮಾರುಕಟ್ಟೆಯ ಬಾಗಿಲಲ್ಲಿ ಒಂದು ಪುಟ್ಟ ಮಳಿಗೆ ಖಾಲಿಯಾಗಿತ್ತು, ಈರುಳ್ಳಿ ಆಲೂಗಡ್ಡೆ ಇಟ್ಟು ಚಿಲ್ಲರೆ ಮಾರಬಹುದು ಅಂದುಕೊಂಡೆವು. ಮಳಿಗೆಯ ಯಜಮಾನ ಒಳ್ಳೆಯವನೇ, ಆದರೆ ಅದೇ ಜಾಗ ಬೇಕೆಂದು ಮೊಟ್ಟೆ ಅಂಗಡಿಯವನು ಅವನ ಬೆನ್ನುಬಿದ್ದಿದ್ದ. "ಸೋಮವಾರದೊಳಗೆ ಅಡ್ವಾನ್ಸ್ ಕೊಡಿ ಅಕ್ಕ, ಆಮೇಲೆ ನನ್ನ ಬೈಕೋಬೇಡಿ" ಎಂದಿದ್ದ. ಅಡ್ವಾನ್ಸಿಗೆ ಬೇಕಾದ್ದೆಲ್ಲ ಆ ಅಕೌಂಟಿನಲ್ಲೇ ಇತ್ತು. ಇವರ ಹೊಸ ದನಿ ಕೇಳಿ ಕೇಳಿ ಬ್ಯಾಂಕು ಅದಕ್ಕೆ ಬೀಗ ಜಡಿದಿತ್ತು.

ಶಾಖೆಗೆ ಹೋದರೆ ಕೌಂಟರಿನ ಹುಡುಗಿ ಫೋನ್ ಮಾಡಿ ಅನ್ನುತ್ತಾಳೆ. ಫೋನ್ ಮಾಡಿದರೆ ಶಾಖೆಗೆ ಹೋಗಿ ಅನ್ನುತ್ತಾರೆ. ಡಾಕ್ಟರ ಚೀಟಿ ತೋರಿಸಿದೆ. "ಇದನ್ನ ಹಾಕೋಕೆ ಸಿಸ್ಟಮ್‌ನಲ್ಲಿ ಜಾಗ ಇಲ್ಲಮ್ಮ" ಎಂದಳು. ಇವರ ಕತ್ತಿನ ಗಾಯವನ್ನೇ ತೋರಿಸಿದೆ. ಪಾಪ, ಆ ಹುಡುಗಿ ಮುಖ ತಿರುಗಿಸಿಕೊಂಡಳು.

"ದುಡ್ಡು ಹಾಕೋಕೂ ದನಿ ಬೇಕೇನಮ್ಮ?" ಎಂದೆ.

"ಇಲ್ಲಮ್ಮ, ಹಾಕೋಕೆ ಏನೂ ಬೇಡ."

ಮೈಯೆಲ್ಲ ಉರಿದುಹೋಯಿತು. ದುಡ್ಡು ಒಳಗೆ ಬರುವಾಗ ಹಾಸಿದ ಚಾಪೆ, ಹೊರಗೆ ಹೋಗುವಾಗ ಕಲ್ಲುಗೋಡೆ.

ಶುಕ್ರವಾರ ಇವರನ್ನು ಎಳೆದುಕೊಂಡು ಹೋಗಿ, ಆ ಕಬ್ಬಿಣದ ಕುರ್ಚಿಯಲ್ಲಿ ಕೂತೇ ಬಿಟ್ಟೆ. ಕೌಂಟರ್ ಖಾಲಿಯಾಯಿತು, ಫ್ಯಾನುಗಳು ನಿಂತವು, ಕಾವಲಿನವನು ಅರ್ಧ ಷಟರ್ ಎಳೆದ. "ಪೂರ್ತಿ ಎಳ್ಕೊಳ್ಳಪ್ಪ, ಇಲ್ಲೇ ಮಲ್ಕೋತೀವಿ" ಎಂದೆ. ಇವರು ಬೇಡ ಬೇಡ ಎಂದು ನನ್ನ ಸೆರಗು ಎಳೆಯುತ್ತಿದ್ದರು. ಕೊನೆಗೆ ಮ್ಯಾನೇಜರೇ ಗಾಜಿನ ಕೋಣೆಗೆ ಕರೆದರು. ನನ್ನ ಮಗನ ವಯಸ್ಸಿರಬಹುದು, ಮೆತ್ತಗಿನ ಮನುಷ್ಯ.

"ಒಂದು ದಾರಿ ಇದೆ ಅಮ್ಮ. ಅಕೌಂಟ್ ಮುಚ್ಚಿಬಿಡಿ. ದುಡ್ಡು ತೆಗೆಯೋಕೆ ದನಿ ಬೇಕು, ಮುಚ್ಚೋಕೆ ಬೇಡ. ಇಬ್ಬರೂ ಸಹಿ ಹಾಕಿದ್ರೆ, ಮುಚ್ಚೋ ಶುಲ್ಕ ಕಳೆದು ಮಿಕ್ಕಿದ್ದೆಲ್ಲ ಇವತ್ತೇ ಕೈಗೆ ಸಿಗುತ್ತೆ."

"ಇಷ್ಟು ದಿನ ಯಾಕಪ್ಪ ಇದನ್ನ ಯಾರೂ ಹೇಳಲಿಲ್ಲ?"

"ನೀವು ಮುಚ್ಚೋ ವಿಚಾರ ಕೇಳಲಿಲ್ವಲ್ಲ."

ಇವರು ಆಗಲೇ ಪೆನ್ನು ತೆಗೆದುಕೊಂಡು ಸಹಿ ಹಾಕಿದ್ದರು. ಮುಖದಲ್ಲಿ ಎಷ್ಟೋ ದಿನಕ್ಕೆ ಒಂದು ಕಳೆ ಬಂದಿತ್ತು. ಮಳಿಗೆಯ ಕನಸು ಕಾಣುತ್ತಿದ್ದಾರೆ ಎಂದು ಗೊತ್ತಾಯಿತು. ಕಾಗದವನ್ನು ನನ್ನ ಕಡೆ ಸರಿಸಿದರು.

"ಒಂದು ನಿಮಿಷ" ಎಂದರು ಮ್ಯಾನೇಜರು. "ನಿಯಮ ಇದೆ. ಅಳಿಸೋ ಮುಂಚೆ ದನಿಯ ಹಳೇ ದಾಖಲೆ ನಿಮ್ಮ ಮುಂದೆ ಒಂದು ಸಲ ಕೇಳಿಸಬೇಕು."

ಅವರು ಕಂಪ್ಯೂಟರಿನಲ್ಲಿ ಏನೋ ಒತ್ತಿದರು. ಮೊದಲು ಮಾರುಕಟ್ಟೆಯ ಗಲಾಟೆ ಕೇಳಿತು, ಯಾವುದೋ ಲಾರಿಯ ಹಾರನ್ನು. ಆಮೇಲೆ ನನ್ನ ಗಂಡ ಕೂಗಿದರು.

ಗಾಜಿನ ಬಾಗಿಲು ನಡುಗಿತು. ಕಾವಲಿನವನು ಹೊರಗಿನಿಂದ ತಿರುಗಿ ನೋಡಿದ. ಆ ದುಂಡನೆಯ, ಸೊಕ್ಕಿನ, ಕಿವಿ ಗಡಚಿಕ್ಕುವ ದನಿ ಕೋಣೆಯ ತುಂಬ ನಿಂತಿತ್ತು, ಅದರ ಯಜಮಾನರು ನನ್ನ ಪಕ್ಕದಲ್ಲಿ ತುಟಿ ಬಿಗಿದು ಕೂತಿದ್ದರು. ಅವರ ಎಡಗೈ ತಾನಾಗಿಯೇ ಕಿವಿಗೆ ಹೋಗಿತ್ತು. ದಿನವಿಡೀ ಕೇಳುವ ದನಿಯನ್ನು ಯಾವ ಹೆಂಡತಿ ದಾಖಲಿಸಿ ಇಟ್ಟುಕೊಳ್ಳುತ್ತಾಳೆ? ನಮ್ಮ ಮನೆಯಲ್ಲಿ ಅದು ಎಲ್ಲಿಯೂ ಇಲ್ಲ. ಇಷ್ಟು ದಿನ ನಾನು ಯಾರಿಗೆ ಶಾಪ ಹಾಕುತ್ತಿದ್ದೆನೋ, ಅವರ ಹತ್ತಿರ ಮಾತ್ರ ಇದೆ.

"ನಮಗೊಂದು ಕಾಪಿ ಹಾಕ್ಕೊಡಿ ಸಾರ್" ಎಂದೆ.

"ಆಗಲ್ಲ ಅಮ್ಮ, ಅದು ಬ್ಯಾಂಕಿನ ದಾಖಲೆ. ಇಲ್ಲಿ ಫೋನಲ್ಲೂ ರೆಕಾರ್ಡ್ ಮಾಡೋ ಹಾಗಿಲ್ಲ." ಗೋಡೆಯ ಬೋರ್ಡು ತೋರಿಸಿದರು. "ನೀವು ಸಹಿ ಹಾಕಿದ ಮೇಲೆ ಅಳಿಸಿಬಿಡ್ತೀವಿ, ಯಾರೂ ದುರುಪಯೋಗ ಮಾಡಬಾರದು ಅಂತ."

"ಮುಚ್ಚದೇ ಇದ್ರೆ?"

"ತಿಂಗಳು ತಿಂಗಳು ಶುಲ್ಕ ಕಟ್ ಆಗ್ತಾ ಹೋಗುತ್ತೆ. ಬ್ಯಾಲೆನ್ಸ್ ಇರೋವರೆಗೂ ದನಿ ಇರುತ್ತೆ."

ನಾನು ಪೆನ್ನಿನ ಮುಚ್ಚಳ ಹಾಕಿದೆ. ಇವರು ಗಾಬರಿಯಾಗಿ ನನ್ನ ಮೊಣಕೈ ಹಿಡಿದರು. ಅವರ ತುಟಿ ನೋಡಿದೆ.

"ಮಳಿಗೆ?" ಎನ್ನುತ್ತಿದ್ದರು.

"ಅಕ್ಕನ್ನ ಕೇಳ್ತೀನಿ" ಎಂದೆ. ನಮ್ಮ ಅಕ್ಕ ಹತ್ತು ಕೊಟ್ಟರೆ ನೂರು ಮಾತು ಆಡುವವಳು. ಸತ್ತರೂ ಅವಳ ಮುಂದೆ ಕೈಚಾಚುವುದಿಲ್ಲ ಎಂದು ಎಲ್ಲರೆದುರು ಆಣೆ ಮಾಡಿದ್ದೆ. ಅದು ಇವರಿಗೂ ಗೊತ್ತು. ಇವರು ಸಹಿ ಹಾಕಿದ ಕಾಗದವನ್ನು ಮಡಿಸಿ ಜೇಬಿಗಿಟ್ಟುಕೊಂಡರು. ಇನ್ನು ಈ ಬ್ಯಾಂಕು ನಮ್ಮನ್ನು ಬಿಡುವುದಿಲ್ಲ. ತಿಂಗಳು ತಿಂಗಳು ಗೋಣಿ ಹೊಲಿದ ದುಡ್ಡು ತಂದು ನಾನೇ ಇದರ ಬಾಯಿಗೆ ಹಾಕಬೇಕು.

ಮ್ಯಾನೇಜರು ಪರದೆ ಆರಿಸಲು ಕೈ ಚಾಚಿದರು.

"ಸಾರ್, ಇನ್ನೊಂದು ಸಲ ಕೇಳಿಸಿ" ಎಂದೆ.

ಅವರು ತಲೆ ತಗ್ಗಿಸಿದರು. "ಎರಡನೇ ಸಲಕ್ಕೆ ಶುಲ್ಕ ಇದೆ ಅಮ್ಮ."

"ಹಿಡ್ಕೊಳ್ಳಿ" ಎಂದೆ.