ಓಟ್ಸಿನೊಳಗಿನ ಹಸಿರು

ಮತ್ತೆ ಆ ಚಮಚ, ಕಾಫಿ ಕಪ್ಪಿನೊಳಗೆ ಸುತ್ತುತ್ತಲೇ ಇದೆ, ಸಕ್ಕರೆ ಯಾವಾಗಲೋ ಕರಗಿ ಹೋಗಿರಬೇಕು, ಆದರೂ ಬಿಡಳು, ಈ ಹೆಂಗಸಿಗೆ ಕಲಕಬೇಕಾದದ್ದು ಕಾಫಿಯನ್ನಲ್ಲ, ಬೆನ್ನು ತಿರುಗಿಸಿ ನಿಂತಿದ್ದರೂ ಗೊತ್ತು ಅವಳ ಕಣ್ಣು ಎಲ್ಲಿದೆ ಅಂತ — ನನ್ನ ಕೈ, ನನ್ನ ಬಟ್ಟಲು, ಬಟ್ಟಲಿಗೆ ಬೀಳುತ್ತಿರುವ ಓಟ್ಸ್. ಮೇಬಲ್ ಇಷ್ಟು ಹಾಕ್ತಿರ್ಲಿಲ್ಲ ವರ್ನಾ, ಗಟ್ಟಿಯಾಗತ್ತೆ, ಅಂದಳು. ಆಗಲಿ, ಗಟ್ಟಿಯಾಗಲಿ, ಹಲ್ಲಿದೆಯಲ್ಲ ನಿನಗೆ, ಅಂತ ಬಾಯಿ ತುದಿಗೆ ಬಂದದ್ದನ್ನು ನುಂಗಿ, ಹೌದಾ ಈಡ್ನಕ್ಕ, ಅಂದೆ, ಜೇನು ಸುರಿದ ಹಾಗೆ ಅಂದೆ, ಅಂದು ಇನ್ನೊಂದು ಹಿಡಿ ಓಟ್ಸ್ ಹಾಕಿದೆ. ಮೇಬಲ್ ಸತ್ತು ಮೂರು ವರ್ಷವಾಯಿತು, ಅವಳ ಗಂಡ ನೆವಿನ್‌ನನ್ನು ನಾನು ಮದುವೆಯಾಗಿ ಒಂದು ವರ್ಷ ದಾಟಿತು, ಈ ಒಲೆ ನನ್ನದು, ಈ ಕಪಾಟು ನನ್ನದು, ಆದರೆ ಅವಳ ಅಕ್ಕ ಈಡ್ನಾ ಕುದುರೆ ಗಾಡಿ ಇಳಿದು ಒಳಗೆ ಕಾಲಿಟ್ಟರೆ ಸಾಕು, ಸತ್ತವಳು ಎದ್ದು ಬಂದು ಡಬ್ಬಗಳ ಮುಚ್ಚಳ ತೆರೆದು ನೋಡುತ್ತಾಳೆ. ನಿನ್ನೆ ಸಂಜೆ ಅವಳ ಪೆಟ್ಟಿಗೆಯನ್ನು ನಾನೇ ಒಳಗೆ ತಂದೆ, ಭಾರ ಇರುತ್ತದೆಂದು ಸೊಂಟ ಬಗ್ಗಿಸಿ ಎತ್ತಿದರೆ ಗಾಳಿ ಎತ್ತಿದ ಹಾಗೆ ಮೇಲೆ ಬಂತು, ಒಳಗೆ ಏನೂ ಇಲ್ಲ, ಒಂದು ರಾತ್ರಿಯ ಉಡುಪು ಅವಳ ಕೈಚೀಲದಲ್ಲೇ ಇತ್ತು. ಖಾಲಿ ಪೆಟ್ಟಿಗೆ ಯಾಕೆ ತರುತ್ತಾರೆ ಅಂತ ನನಗೆ ಗೊತ್ತಾಗುವುದಿಲ್ಲವೇ, ಮೇಬಲಳ ಮಗಳು ಲೊರೆಟಾಳ ಲಂಗ, ಲೊರೆಟಾಳ ಟೋಪಿ, ಲೊರೆಟಾಳ ಚಳಿಗಾಲದ ಬೂಟು, ಎಲ್ಲ ತುಂಬಿಕೊಂಡು ಹೋಗಲಿಕ್ಕೆ. ಊಟದ ಹೊತ್ತಲ್ಲಿ ಅಂದೇ ಬಿಟ್ಟಳು, ನೆವಿನ್, ಮಗು ಬಡಕಲಾಗಿದೆ, ನನ್ನ ಹತ್ರ ಇರ್ಲಿ, ನಂಗೂ ಹೆಣ್ಣುಮಕ್ಕಳಿದಾರೆ, ಅವರ ಜೊತೆ ಬೆಳೀತಾಳೆ, ವರ್ನಾಗೆ ಪಾಪ ಅಭ್ಯಾಸ ಇಲ್ಲ. ಅಭ್ಯಾಸ ಇಲ್ಲವಂತೆ. ಹದಿನೆಂಟು ವರ್ಷ, ಕಾರು ಬಿಟ್ಟು ಕುದುರೆ ಗಾಡಿಯಲ್ಲೇ ಓಡಾಡುವ ನಮ್ಮ ಜನರ ಶಾಲೆಯಲ್ಲಿ ಇವರ ಮಕ್ಕಳ ಮೂಗು ಒರೆಸಿದವಳು ನಾನು. ನೆವಿನ್ ರೊಟ್ಟಿಗೆ ಬೆಣ್ಣೆ ಹಚ್ಚುತ್ತಿದ್ದ, ಮೂಲೆಯಿಂದ ಮೂಲೆಗೆ, ಒಂದು ಚುಕ್ಕೆಯೂ ಬಿಡದೆ, ಹಚ್ಚಿ ಮುಗಿಸಿ, ಬೆಳಿಗ್ಗೆ ಅವಳನ್ನೇ ಕೇಳೋಣ, ಅಂದ. ಅಷ್ಟೇ. ಹಸುಗಳ ಜೊತೆ ದಿನಕ್ಕೆರಡು ಹೊತ್ತು ಮಾತಾಡುವ ಮನುಷ್ಯ, ಹಾಲು ಕರೆಯುವಾಗ ಅವನ ಧ್ವನಿ ಕೊಟ್ಟಿಗೆಯಿಂದ ಇಲ್ಲಿಯವರೆಗೂ ಕೇಳುತ್ತದೆ, ನನ್ನ ಪರವಾಗಿ ಒಂದು ಮಾತು ಆಡಲಿಕ್ಕೆ ಬಾಯಿಗೆ ಬೆಣ್ಣೆ ಮೆತ್ತಿತ್ತು. ಮದುವೆಯಾಗು ಅಂತ ಕೇಳಿದ್ದೂ ಹೀಗೇ, ಶಾಲೆಯ ಬೇಲಿಗೆ ಒರಗಿ, ಟೋಪಿ ಕೈಯಲ್ಲಿ ತಿರುಗಿಸುತ್ತ, ಮಗುವಿಗೆ ಒಬ್ರು ಬೇಕು, ಅಂದ. ಮಗುವಿಗೆ. ನನಗೆ ಅನ್ನಲಿಲ್ಲ.

ಮೊಟ್ಟೆ ಒಡೆ, ಹಾಲು ಹಾಕು, ಕರಗಿದ ಬೆಣ್ಣೆ, ಕಂದು ಸಕ್ಕರೆ, ಉಪ್ಪು, ಚಕ್ಕೆಪುಡಿ — ಇಷ್ಟೂ ಅವಳ ಕಣ್ಣೆದುರಿಗೇ ಆಗಬಹುದು, ಇದೆಲ್ಲ ಮೇಬಲಳ ಅಡುಗೆಯೇ, ಆಕ್ಷೇಪಣೆ ಇಲ್ಲ. ಉಳಿದದ್ದು ಉಗ್ರಾಣದಲ್ಲಿದೆ, ಬಟ್ಟೆ ಮುಚ್ಚಿ ಇಟ್ಟಿದ್ದೇನೆ, ಕ್ಯಾರೆಟ್ಟು, ಸೌತೆಯ ಹಾಗಿನ ಹಸಿರು ಸಿಪ್ಪೆಯ ಝುಕಿನಿ, ಬೇಯಿಸಿ ಹಿಸುಕಿದ ಕುಂಬಳ. ಬೆಳಕು ಹರಿಯುವ ಮೊದಲೇ ಎದ್ದು ಉಗ್ರಾಣದ ಬಾಗಿಲು ಹಾಕಿಕೊಂಡು ತುರಿದೆ, ಮೇಲಿನ ಕೋಣೆಯಲ್ಲಿ ಅವಳ ಮಂಚ ಕಿರುಗುಟ್ಟಿದಾಗಲೆಲ್ಲ ಕೈ ನಿಲ್ಲಿಸಿ, ಮತ್ತೆ ತುರಿದು, ನನ್ನ ಮನೆಯಲ್ಲಿ ನಾನೇ ಕಳ್ಳಿ. ಆ ಹುಡುಗಿ ತಾಯಿ ಹೋದಮೇಲೆ ತರಕಾರಿ ಮುಟ್ಟಲಿಲ್ಲ, ಬೀನ್ಸ್ ಕಂಡರೆ ತುಟಿ ಬಿಗಿಯುತ್ತಾಳೆ, ಬಟಾಣಿಯನ್ನು ಮಾಂಸದ ಕೆಳಗೆ ಹೂಳುತ್ತಾಳೆ, ತಿನ್ನುವುದು ಇದೊಂದನ್ನೇ, ಅವಳಮ್ಮ ಮಾಡುತ್ತಿದ್ದ, ಓವನ್ನಿನಲ್ಲಿ ಗಟ್ಟಿಯಾಗಿ ಬೇಯಿಸಿ ತುಂಡು ಮಾಡುವ ಈ ಓಟ್ಸನ್ನು, ಬೆಳಿಗ್ಗೆಯೂ ಇದೇ, ಬಿಟ್ಟರೆ ಸಂಜೆಗೂ ಇದೇ. ಓಟ್ಸು ಸಕ್ಕರೆ ತಿಂದು ಮಗು ಬೆಳೆಯೋದಿಲ್ಲಮ್ಮ, ಅಂದರು ಡಾಕ್ಟರು, ನನ್ನನ್ನು ನೋಡಿ ಅಂದರು, ನಾನೇ ಹೊತ್ತು ಹೆತ್ತು ಹಾಳು ಮಾಡಿದ ಹಾಗೆ. ಬೈದೆ, ಬೇಡಿದೆ, ಒಂದು ಮಧ್ಯಾಹ್ನವಿಡೀ ತಟ್ಟೆ ಮುಂದೆ ಕೂರಿಸಿದೆ, ಅವಳೂ ಕೂತಳು, ಆ ಬಿಳಿಚಿಕೊಂಡ ಮುಖ, ಅಳಲಿಲ್ಲ, ಟೀಚರ್, ನಾನು ಏಳಬಹುದಾ, ಅಂತ ಮಾತ್ರ ಕೇಳಿದಳು. ಟೀಚರ್. ಅಮ್ಮ ಅನ್ನಲಾರಳು, ಹೆಸರು ಹಿಡಿಯುವಂತಿಲ್ಲ, ಶಾಲೆಯಲ್ಲಿ ಕರೆದದ್ದನ್ನೇ ಮನೆಗೂ ತಂದಳು, ಈಡ್ನಾಗೆ ಅದು ಕೇಳಿ ಎಂಥ ಖುಷಿ, ಅಯ್ಯೋ, ಟೀಚರ್ ಅಂತಾಳಲ್ಲ ನೆವಿನ್, ಅಂತ ಎದೆ ಮೇಲೆ ಕೈಯಿಟ್ಟುಕೊಂಡು. ಕಳೆದ ಚಳಿಗಾಲದಲ್ಲಿ ಶುರು ಮಾಡಿದೆ, ಮೊದಲು ಒಂದು ಚಮಚ ಕ್ಯಾರೆಟ್ಟು, ಗೊತ್ತಾಗಲಿಲ್ಲ, ಆಮೇಲೆ ಕುಂಬಳ, ಬಣ್ಣ ಸಕ್ಕರೆಯ ಬಣ್ಣವೇ, ಆಮೇಲೆ ಝುಕಿನಿ, ಹಾಲಿನಲ್ಲಿ ಕರಗಿದಂತೆ ಮಾಯ. ಮೇಲೆ ಸೇಬು, ಪೀಚು, ಬ್ಲೂಬೆರಿ, ಹಣ್ಣಿನ ಕೆಳಗೆ ನೆಲಮಾಳಿಗೆ ಇದ್ದ ಹಾಗೆ. ತಿಂದಳು. ದಿನಾ ತಿಂದಳು. ಪ್ರೀತಿಯಿಂದ ಮಾಡಿದೆ ಅನ್ನಲಾರೆ, ಗೆದ್ದೆ ಅಂದುಕೊಂಡೇ ಮಾಡಿದೆ, ಅವಳ ಗಂಟಲಿನಿಂದ ಒಂದೊಂದು ತುತ್ತು ಇಳಿಯುವಾಗಲೂ, ತಿನ್ನು, ನಿಮ್ಮಮ್ಮನ ಅಡುಗೆ ಅಂದುಕೊಂಡು ನನ್ನ ಕ್ಯಾರೆಟ್ಟು ತಿನ್ನು. ಕೆನ್ನೆಗೆ ಸ್ವಲ್ಪ ಬಣ್ಣ ಬಂದಿದೆ, ಈಡ್ನಾ ಅದನ್ನು ನೋಡುವುದಿಲ್ಲ, ಅವಳಿಗೆ ಮೂಳೆ ಮಾತ್ರ ಕಾಣುತ್ತದೆ.

ಕಿಟಕಿಯಾಚೆ ಅವಳ ಕುದುರೆ ಕೆನೆಯಿತು, ಈಡ್ನಾ ಎದ್ದು ನೋಡಲು ಹೋದಳು, ಆ ಒಂದು ಗಳಿಗೆ ಸಾಕು, ಉಗ್ರಾಣದ ಬಾಗಿಲು, ಬಟ್ಟಲು, ಸುರಿ, ಕಲಕು, ಬೇಗ, ಇನ್ನೂ ಬೇಗ, ಹಣ್ಣು ಮೇಲೆ ಹರಡು, ಓವನ್ನಿಗೆ ತಳ್ಳು, ಬಾಗಿಲು ಮುಚ್ಚು, ಬೆರಳು ಸುಟ್ಟಿತು, ಸುಡಲಿ. ವಾಪಸು ಬಂದು ಕೂತಳು, ಮತ್ತೆ ಚಮಚ. ಕೂತೇ ಇದ್ದಾಳೆ, ನಾನು ತೊಳೆದದ್ದನ್ನೇ ಮತ್ತೆ ತೊಳೆಯುತ್ತೇನೆ, ಚಕ್ಕೆಯ ವಾಸನೆ ಎದ್ದಿತು, ಸಕ್ಕರೆ ಅಂಚಿನಲ್ಲಿ ಕಾದು ಗುಳ್ಳೆಯೇಳುವ ವಾಸನೆ, ಸೇಬಿನ ವಾಸನೆ, ಆಗ ಚಮಚ ನಿಂತಿತು. ತಿರುಗಿ ನೋಡಿದರೆ ಈಡ್ನಾ ಏಪ್ರನ್ನಿನ ತುದಿಯಿಂದ ಕಣ್ಣೊತ್ತಿಕೊಳ್ಳುತ್ತಿದ್ದಾಳೆ, ಥೇಟ್ ಅವಳು ಇದ್ದಾಗಿನ ವಾಸ್ನೆ ಕಣೆ, ಅಂದಳು, ಧ್ವನಿ ಬೇರೆಯಾಗಿತ್ತು, ಒಂದು ಕ್ಷಣ ಬರೀ ತಂಗಿಯನ್ನು ಕಳಕೊಂಡ ಅಕ್ಕ, ಕತ್ತಿನ ಚರ್ಮ ಸಡಿಲಾದ, ಮಂಡಿ ನೋವಿನ ಮುದಿ ಹೆಂಗಸು. ಏನಾದರೂ ಅನ್ನಬೇಕಿತ್ತು. ಮೇಬಲ್ ಅನ್ನುವ ಆ ಹೆಸರು ನನ್ನ ಬಾಯಿಂದ ಬರುವುದಿಲ್ಲ ಅಂತ ಮದುವೆಯ ದಿನವೇ ನಿಶ್ಚಯಿಸಿಕೊಂಡಿದ್ದೇನೆ, ಎಲ್ಲರೂ ಅದನ್ನೇ ಜಪಿಸುವಾಗ ನನ್ನ ಜಪ ಏನಕ್ಕೆ, ಅಳುವುದಾದರೆ ಅವಳ ಮನೆಯಲ್ಲಿ ಅಳಲಿ. ಅಷ್ಟರಲ್ಲಿ ನೆವಿನ್ ಬಂದ, ಬೂಟು ಬಾಗಿಲಲ್ಲಿ ಬಿಟ್ಟು, ಹಾಲಿನ ವಾಸನೆ ಹೊತ್ತು, ಅವನ ಹಿಂದೆ ಲೊರೆಟಾ, ಕೋಳಿಗೂಡಿನಿಂದ, ಟೋಪಿಯ ದಾರಕ್ಕೆ ಒಂದು ಪುಕ್ಕ ಅಂಟಿತ್ತು, ಈಡ್ನಾ ಅದನ್ನು ತೆಗೆದಳು, ನಾನು ತೆಗೆಯಬೇಕಾದದ್ದನ್ನು ತೆಗೆದಳು, ಬಾ ಕಂದಾ, ಪಕ್ಕದಲ್ಲೇ ಕೂರು. ತಲೆ ಬಗ್ಗಿಸಿ ಎಲ್ಲರೂ ಮೌನವಾಗಿ ಪ್ರಾರ್ಥನೆ ಮಾಡುತ್ತಾರೆ, ನಾನು ಬೇಡಿಕೊಂಡದ್ದು ಒಂದೇ, ದೇವರೇ, ಇವಳ ಗಾಡಿಯ ಗಾಲಿ ಇವತ್ತು ಸರಿಯಾಗಿರಲಿ, ಬೇಗ ಹೋಗಲಿ.

ಪಾತ್ರೆ ತೆಗೆದೆ, ಮೇಲ್ಭಾಗ ಕೆಂಪಗೆ ಬೆಂದು ಪೀಚಿನ ರಸ ಬಿಟ್ಟಿತ್ತು, ಚಂದ ಬಂದಿತ್ತು, ಚಾಕು ಹಾಕಿ ಮೊದಲ ತುಂಡು ಎತ್ತಿದರೆ ಕತ್ತರಿಸಿದ ಪಕ್ಕದಲ್ಲೆಲ್ಲ ಹಸಿರು, ಸಣ್ಣ ಸಣ್ಣ ಹಸಿರು ಎಳೆ, ಕತ್ತಲಲ್ಲಿ, ಮಂಚದ ಕಿರುಗುಟ್ಟಿಗೆ ಹೆದರಿ, ಝುಕಿನಿಯ ಸಿಪ್ಪೆ ತೆಗೆಯುವುದನ್ನೇ ಮರೆತಿದ್ದೇನೆ. ವಾಪಸು ಇಡುವಂತಿಲ್ಲ, ಲೊರೆಟಾ ತಟ್ಟೆ ಚಾಚಿದ್ದಾಳೆ. ಹಾಕಿದೆ. ಹಾಲು ಸುರಿದೆ, ಮುಚ್ಚಿ ಹೋಗಲಿ ಅಂತ ಜಾಸ್ತಿಯೇ ಸುರಿದೆ. ಈಡ್ನಾ ತನ್ನ ತಟ್ಟೆಯ ತುಂಡನ್ನು ಫೋರ್ಕಿನಿಂದ ಮಗುಚಿ, ಕೆಳಗೆ ನೋಡಿ, ಇದೇನೇ ವರ್ನಾ, ಹುಲ್ಲು ಹಾಕಿದೀಯಾ, ಅಂದಳು. ನೆವಿನ್ ತಿನ್ನುತ್ತಿದ್ದ. ಝುಕಿನಿ ಇದು, ಅಂದಳು, ಇದು ಕ್ಯಾರೆಟ್ಟು, ಹೌದಾ ಅಲ್ವಾ, ಅಂದು ನನ್ನ ಉತ್ತರಕ್ಕೂ ಕಾಯದೆ ಹುಡುಗಿಯ ಕಡೆ ತಿರುಗಿದಳು, ಅವಳ ಭುಜ ಹಿಡಿದು, ನೋಡು ಕಂದಾ, ನಿಮ್ಮಮ್ಮನ ತಿಂಡಿ ಒಳಗೆ ತರಕಾರಿ ತುರುಕಿ ನಿಂಗೆ ತಿನ್ನಿಸ್ತಿದಾಳೆ, ಮೋಸ ಅಲ್ವಾ ಇದು, ನಿಮ್ಮಮ್ಮ ಹೀಗೆ ಮಾಡ್ತಿದ್ಳಾ. ಎಷ್ಟು ಮೆತ್ತಗೆ ಅಂದಳು, ಚಾಕುವಿಗೆ ಬೆಣ್ಣೆ ಸವರಿ. ಇನ್ನು ಮುಗಿಯಿತು, ಅಂದುಕೊಂಡೆ, ತುಟಿ ಬಿಗಿಯುತ್ತದೆ, ತಟ್ಟೆ ಸರಿಯುತ್ತದೆ, ಪೆಟ್ಟಿಗೆ ತುಂಬುತ್ತದೆ, ಮತ್ತೆ ಆ ಹುಡುಗಿ ಈ ಮೇಜಿನಲ್ಲಿ ಏನೂ ತಿನ್ನುವುದಿಲ್ಲ. ನನಗೆ ಅವಳು ಬೇಕೋ, ಸೋಲಬಾರದು ಅಂತಷ್ಟೇ ಇತ್ತೋ, ಆಗ ಗೊತ್ತಿರಲಿಲ್ಲ. ಲೊರೆಟಾ ತಟ್ಟೆ ನೋಡಿದಳು. ಗೊತ್ತು ದೊಡ್ಡಮ್ಮ, ಅಂದಳು. ಏನು ಗೊತ್ತು, ಈಡ್ನಾ ಕೇಳಿದಳು. ದಿನಾ ಹಾಕ್ತಾರೆ, ಸಿಪ್ಪೆ ತೆಗ್ದು ಹಾಕ್ತಾರೆ, ಇವತ್ತು ತೆಗ್ದಿಲ್ಲ. ನಿಂಗೆ ಹೇಳಿದಾಳಾ ಇವ್ಳು. ಇಲ್ಲ, ಕೋಳಿ ಬಕೆಟ್ಟಲ್ಲಿ ಸಿಪ್ಪೆ ಇರುತ್ತಲ್ಲ, ಕೋಳಿಗೆ ಹಾಕೋಳು ನಾನೇ ತಾನೆ. ನನ್ನ ಮುಖಕ್ಕೆ ಬಿಸಿ ಏರಿತು, ಇಡೀ ಚಳಿಗಾಲ, ಇಡೀ ವಸಂತ, ನಾನು ಗೆದ್ದೆ ಗೆದ್ದೆ ಅಂದುಕೊಂಡ ಪ್ರತಿ ಬೆಳಿಗ್ಗೆ ಈ ಪುಟ್ಟ ಮೊದ್ದು ಬಕೆಟ್ಟಿನೊಳಗೆ ಇಣುಕಿ ಎಲ್ಲ ತಿಳಿದುಕೊಂಡೇ ಬಂದು ಕೂತಿದ್ದಾಳೆ. ಗೊತ್ತಿದ್ದೂ ಯಾಕೆ ತಿಂತಿದ್ದೆ ಮತ್ತೆ, ಈಡ್ನಾಳ ಧ್ವನಿ ಏರಿತು. ಹುಡುಗಿ ಭುಜ ಕೊಡವಿದಳು, ಕಾಣ್ತಿರ್ಲಿಲ್ವಲ್ಲ, ಅಂದಳು. ನೆವಿನ್ ಆಗ ಕೆಮ್ಮಿದ, ನಕ್ಕನೋ ಏನೋ, ಗಡ್ಡದೊಳಗೆ ಯಾರಿಗೆ ಗೊತ್ತಾಗುತ್ತದೆ, ಬಾಯಿ ಒರೆಸಿಕೊಂಡು ಕೊನೆಗೂ ಕೇಳಿದ, ಲೊರೆಟಾ, ದೊಡ್ಡಮ್ಮನ ಮನೆಗೆ ಹೋಗಿ ಇರ್ತೀಯಾ ಮಗಳೇ. ಇಲ್ಲಪ್ಪ. ಯಾಕೆ ಚಿನ್ನ, ಈಡ್ನಾ, ಅಲ್ಲಿ ಹುಡುಗೀರಿದಾರೆ, ಆಟ ಆಡ್ಬಹುದು, ನಿಮ್ಮಮ್ಮ ಹುಟ್ಟಿದ ಮನೆ ಅದು. ಹುಡುಗಿ ಫೋರ್ಕು ಕೆಳಗಿಟ್ಟಳು, ಶಾಲೆಯಲ್ಲಿ ಎದ್ದು ನಿಂತು ಪಾಠ ಒಪ್ಪಿಸುವಾಗಿನ ಅದೇ ಗಂಭೀರ ಮುಖ, ಅಲ್ಲಿ ಎಲ್ರೂ ಅಮ್ಮನ ವಿಷ್ಯಾನೇ ಮಾತಾಡ್ತಾರೆ ದೊಡ್ಡಮ್ಮ, ನಾನು ನೀರು ಕುಡಿದ್ರೂ ಅಮ್ಮನ ಥರಾನೇ ಕುಡೀತಾಳೆ ಅಂತೀರಿ, ಆಮೇಲೆ ಅಳ್ತೀರಿ, ನಂಗೆ ನೀರು ಕುಡಿಯೋಕಾಗಲ್ಲ. ಟೀಚರ್ ಆ ಮಾತೇ ಎತ್ತಲ್ಲ. ನಾನು ಒಳ್ಳೆಯತನದಿಂದ ಎತ್ತದೆ ಇದ್ದವಳಲ್ಲ, ಅದನ್ನು ಹೇಳಿಬಿಡಲೇ ಅಂತ ಒಮ್ಮೆ ಅನ್ನಿಸಿತು, ಈಡ್ನಾಳ ಎದುರಿಗೆ ಹೇಗೆ ಹೇಳಲಿ, ಅವಳ ಮುಖ ಒಣಗಿದ ಹಿಟ್ಟಿನ ಹಾಗೆ ಬಿರುಕು ಬಿಟ್ಟಿತ್ತು, ನೋಡಬೇಕು ಅಂತ ಎಷ್ಟು ದಿನದಿಂದ ಕಾದಿದ್ದೆ ಆ ಮುಖವನ್ನು, ಈಗ ಮೇಜಿನ ಬಟ್ಟೆ ನೋಡಿದೆ.

ಹೋದಳು, ಕಾಫಿ ಪೂರ್ತಿ ಕುಡಿಯದೆ ಹೋದಳು, ನೆವಿನ್ ಪೆಟ್ಟಿಗೆಯನ್ನು ಎರಡು ಬೆರಳಲ್ಲಿ ಎತ್ತಿ ಗಾಡಿಗಿಟ್ಟ, ಚೆನ್ನಾಗಿ ನೋಡ್ಕೋ, ಅಂದಳು ನನಗೆ, ಶಾಪ ಹಾಕಿದ ಹಾಗೆ, ನಾನೂ, ಹುಷಾರು ಈಡ್ನಕ್ಕ, ಅಂದೆ, ಅದೂ ಹಾಗೇ ಕೇಳಿಸಿರಬೇಕು. ಗಾಲಿಯ ಸದ್ದು ಸೇತುವೆ ದಾಟಿತು. ಒಳಗೆ ಬಂದರೆ ಲೊರೆಟಾ ಇನ್ನೂ ಮೇಜಿನಲ್ಲಿದ್ದಳು, ಫೋರ್ಕಿನ ಒಂದು ಹಲ್ಲಿನಿಂದ ಓಟ್ಸ್ ಬಿಡಿಸಿ ಬಿಡಿಸಿ ಹಸಿರು ಎಳೆಗಳನ್ನು ಹೆಕ್ಕಿ ತಟ್ಟೆಯ ಅಂಚಿಗಿಡುತ್ತಿದ್ದಳು, ಆತುರವಿಲ್ಲ, ಕೋಪವಿಲ್ಲ, ಇಟ್ಟು, ಉಳಿದದ್ದನ್ನು ತಿನ್ನುತ್ತ, ಕ್ಯಾರೆಟ್ಟು ಸಮೇತ, ಕುಂಬಳ ಸಮೇತ, ಕೊನೆಯ ತುತ್ತಿನವರೆಗೆ. ಎದ್ದಳು. ತಟ್ಟೆ ತಂದು ನನ್ನ ಕೈಗೇ ಕೊಟ್ಟಳು. ನಾಳೆ ಸಿಪ್ಪೆ ತೆಗೀರಿ ಟೀಚರ್, ಅಂದಳು, ಬಕೆಟ್ಟು ಎತ್ತಿಕೊಂಡು ಹೊರಗೆ ಹೋದಳು. ಬೈಯಬೇಕಿತ್ತು, ಎಷ್ಟು ಧೈರ್ಯ, ಹೆಕ್ಕಿ ಇಡುತ್ತಾಳೆ, ಹೇಳಿಕೊಡುತ್ತಾಳೆ, ಬಾಯಿ ತೆರೆದೆ, ನಲ್ಲಿ ತೆರೆದೆ, ನೀರು ಸುರಿಯುತ್ತಿದೆ, ತಟ್ಟೆಯನ್ನು ಅದರ ಕೆಳಗೆ ಹಿಡಿಯಬೇಕು, ಹಿಡಿದರೆ ಅವಳು ಹೆಕ್ಕಿಟ್ಟ ಎಳೆಗಳು ಹೋಗುತ್ತವೆ, ಹೋಗಲಿ, ಒಂದರ ಪಕ್ಕ ಒಂದು, ಎಲ್ಲಿಯೂ ತಾಗದಂತೆ, ಹೋಗಲಿ ಅಂತ ಮತ್ತೆ ಅಂದುಕೊಳ್ಳುತ್ತೇನೆ, ಕೈ ಕದಲುವುದಿಲ್ಲ, ಬಿಳಿ ಅಂಚು, ಅಂಚಿನ ಮೇಲೆ ಹಸಿರು ಎಳೆಗಳು, ಹಾಲಿನಲ್ಲಿ ನೆನೆದು ಹೊಳೆಯುವ ಹಸಿರು ಎಳೆಗಳು, ಸಾಲಾಗಿ, ಬಿಳಿ ಅಂಚಿನ ಮೇಲೆ, ಹಸಿರು