ಹನ್ನೊಂದು ಹೆಸರುಗಳು

ಗೈಡುಗಳಿಗೆಂದು ಸರ್ಕಾರ ನಡೆಸಿದ ಹೊಸ ಪರೀಕ್ಷೆಯಲ್ಲಿ ಅಫ್ರಾ ಮುಮೆಲ್ಟರ್ ಎಲ್ಲರಿಗಿಂತ ಹೆಚ್ಚು ಅಂಕ ತೆಗೆದಳು. ಇನ್ನೂರ ಹತ್ತು ಹೆಸರುಗಳ ಪಟ್ಟಿ. ಊರು, ಹೊಳೆ, ಕೋಟೆ, ಬೆಟ್ಟ, ಕಡೆಗೆ ನಾಲ್ಕು ಮನೆಗಳ ಹಟ್ಟಿಗೂ ರೋಮಿನಿಂದ ಹೊಸ ಹೆಸರು ಬಂದಿತ್ತು. ಬೋಟ್ಸೆನ್ ಎಂಬ ಅವಳ ಊರು ಬೊಲ್ಝಾನೊ ಆಗಿತ್ತು. ಯುದ್ಧ ಮುಗಿದು, ಗಡಿ ಬೆಟ್ಟದ ಈಚೆಯಿಂದ ಆಚೆಗೆ ಸರಿದು, ಊರು ಆಸ್ಟ್ರಿಯದಿಂದ ಇಟಲಿಯ ಪಾಲಾಗಿ ಹನ್ನೆರಡು ವರ್ಷ ಕಳೆದಿತ್ತು. ಮೊದಲು ಶಾಲೆಯಿಂದ ಜರ್ಮನ್ ಹೋಯಿತು, ಆಮೇಲೆ ಅಂಗಡಿಯ ಫಲಕಗಳಿಂದ, ಆಮೇಲೆ ಗೋರಿಕಲ್ಲುಗಳಿಂದ. ಎರಡು ವರ್ಷದ ಹಿಂದೆ ಅಫ್ರಾಳ ತಾಯಿ ತೀರಿಕೊಂಡಾಗ ಕಲ್ಲುಕುಟಿಗ ತಲೆ ತಗ್ಗಿಸಿ, ಹೆಸರು ಮಾತ್ರ ಕೆತ್ತುತ್ತೇನೆ, ಅದರ ಕೆಳಗೆ ನೀನು ಬರೆಸಬೇಕೆಂದಿರುವ ಜರ್ಮನ್ ಸಾಲನ್ನು ಕೆತ್ತಿದರೆ ನನ್ನ ಅಂಗಡಿಗೆ ಬೀಗ ಬೀಳುತ್ತದೆ ಎಂದಿದ್ದ. ಹೆಸರಿನ ಕೆಳಗಿನ ಜಾಗ ಹಾಗೇ ನುಣ್ಣಗೆ ಉಳಿದಿತ್ತು.

ಪರೀಕ್ಷೆಯಲ್ಲಿ ಅಷ್ಟು ಅಂಕ ತೆಗೆದದ್ದಕ್ಕೆ ನೆರೆಹೊರೆಯವರು ಅವಳನ್ನು ಓರೆಗಣ್ಣಿನಲ್ಲಿ ನೋಡಿದರು. ಅವಳು ಯಾರಿಗೂ ಸಮಜಾಯಿಷಿ ಕೊಡಲಿಲ್ಲ. ನಲವತ್ತನಾಲ್ಕು ವರ್ಷದ ಗಟ್ಟಿಮುಟ್ಟಾದ ಹೆಂಗಸು, ಅಗಲ ಭುಜ, ದೊಡ್ಡ ಹೆಜ್ಜೆ. ಅಪ್ಪನೂ ಗೈಡಾಗಿದ್ದ. ಮಂಡಿ ಹೋದ ಮೇಲೆ ತನ್ನ ಕೆಲಸವನ್ನು ಮಗಳಿಗೆ ಬಿಟ್ಟುಕೊಟ್ಟಿದ್ದ. ಹೆಂಗಸು ಬೆಟ್ಟ ತೋರಿಸುವುದೇ ಎಂದು ಆಗಲೂ ಊರು ನಕ್ಕಿತ್ತು. ನಕ್ಕವರ ಮನೆಗೆ ಬಂದ ನೆಂಟರನ್ನೂ ಅವಳೇ ಕೋಟೆಗೆ ಕರೆದುಕೊಂಡು ಹೋಗಿದ್ದಳು.

ಸಾವಿರದ ಒಂಬೈನೂರ ಮೂವತ್ತೊಂದರ ಮೇ ತಿಂಗಳಲ್ಲಿ ಹಾಲೆಂಡಿನಿಂದ ಒಂಬತ್ತು ಜನ ಶಾಲಾ ಶಿಕ್ಷಕಿಯರು ಬಂದರು. ಅವರಲ್ಲಿ ಹಿರಿಯವರು ಬ್ರಾಕ್‌ಮನ್ ಮೇಡಂ, ಎಪ್ಪತ್ತರ ಹತ್ತಿರದವರು. ಕೈಯಲ್ಲಿ ಅವರ ತಂದೆಯ ಕಾಲದ ಪ್ರವಾಸಿ ಪುಸ್ತಕ. ಅದರ ತುಂಬ ಹಳೆಯ ಹೆಸರುಗಳೇ. ಡಚ್ಚರಿಗೆ ಜರ್ಮನ್ ಬರುತ್ತಿತ್ತು; ಹೊರದೇಶದ ಪ್ರವಾಸಿಗಳ ಜತೆ ಆ ಭಾಷೆಯಲ್ಲಿ ಮಾತಾಡಲು ಅಡ್ಡಿ ಇರಲಿಲ್ಲ. ಸ್ಥಳಗಳ ಹೆಸರನ್ನು ಮಾತ್ರ ಪಟ್ಟಿಯಲ್ಲಿದ್ದಂತೆಯೇ ಹೇಳಬೇಕು. ಹಾಗೆ ಹೇಳುತ್ತಾಳೋ ಇಲ್ಲವೋ ಎಂದು ನೋಡಲು ಅಂದು ಬೆಳಿಗ್ಗೆ ಕಚೇರಿಯಿಂದ ತದ್ದೇಯಿ ಎಂಬ ಇನ್ಸ್‌ಪೆಕ್ಟರ್ ಕೂಡ ಬಂದು ನಿಂತ. ಮೂವತ್ತೂ ಆಗಿರದ ಗಂಡಸು. ತಿದ್ದಿ ಬಾಚಿದ ತಲೆ, ಹೊಸ ಬೂಟು, ಕೈಯಲ್ಲಿ ನೋಟುಬುಕ್ಕು. ದಕ್ಷಿಣದ ಕಡಲ ದಂಡೆಯ ಯಾವುದೋ ಊರಿನಿಂದ ವರ್ಗವಾಗಿ ಬಂದು ಮೂರು ತಿಂಗಳಾಗಿತ್ತಷ್ಟೆ.

ಹೊರಡುವ ಮುಂಚೆ ಅವನು ಅಫ್ರಾಳನ್ನು ಪಕ್ಕಕ್ಕೆ ಕರೆದು, ಒಂದೇ ಒಂದು ಹಳೆಯ ಹೆಸರು ಬಾಯಿಂದ ಬಂದರೂ ಪರವಾನಗಿ ಬಿಲ್ಲೆಯನ್ನು ಅಲ್ಲೇ ಕಿತ್ತುಕೊಳ್ಳುವುದಾಗಿ ಹೇಳಿದ. ಒರಟಾಗಿ ಹೇಳಲಿಲ್ಲ. ಪಾಠ ಒಪ್ಪಿಸುವವನಂತೆ ಹೇಳಿದ. ಅಫ್ರಾ ಆಗಲಿ ಎಂದಳು.

ಅವಳು ಆಡಿದ ಆಟ ತದ್ದೇಯಿಗೆ ಅರ್ಥವಾಗಲು ಮಧ್ಯಾಹ್ನವಾಯಿತು. ಅವಳು ಯಾವ ಹೆಸರನ್ನೂ ಹೇಳುತ್ತಲೇ ಇರಲಿಲ್ಲ. ಹಳೆಯದೂ ಇಲ್ಲ, ಹೊಸದೂ ಇಲ್ಲ. ದೊಡ್ಡ ಚರ್ಚಿನ ಹಸಿರು ಬಿಳಿ ಹೆಂಚಿನ ಮುಂದೆ ನಿಂತು, ಈ ಹೆಂಚು ಹೊದಿಸಿದವರು, ಬಿರುಗಾಳಿಗೆ ಹಾರಿದ್ದು, ಮತ್ತೆ ಹೊದಿಸಿದ್ದು ಎಲ್ಲವನ್ನೂ ಹೇಳಿದಳು. ಕಮಾನು ಸಾಲಿನ ಬೀದಿಯಲ್ಲಿ ಅಂಗಡಿಗಳ ಒಳಗೆ ನುಗ್ಗಿ ನೆಲಮಾಳಿಗೆಗಳನ್ನು ತೋರಿಸಿದಳು. ಹಣ್ಣಿನ ಮಾರುಕಟ್ಟೆಯ ಮೂಲೆಯಲ್ಲಿ ತ್ರಿಶೂಲ ಹಿಡಿದ ಸಮುದ್ರದೇವನ ವಿಗ್ರಹವನ್ನು ಊರಿನವರು ‘ಮುಳ್ಳುಚಮಚದ ಹೋಟೆಲಿನವನು’ ಎಂದು ಕರೆಯುವುದನ್ನು ಹೇಳಿದಾಗ ಶಿಕ್ಷಕಿಯರು ನಕ್ಕರು. ತದ್ದೇಯಿ ಪಟ್ಟಿಯನ್ನು ಬಿಚ್ಚಿ ನೋಡಿದ. ಆ ಹೆಸರು ಅದರಲ್ಲಿ ಇರಲಿಲ್ಲ. ಬರೆದುಕೊಳ್ಳಬೇಕೋ ಬೇಡವೋ ತಿಳಿಯದೆ ಪೆನ್ಸಿಲ್ಲಿನ ತುದಿ ಕಚ್ಚಿದ.

ಹೊಳೆದಂಡೆ ಹಿಡಿದು ಕೋಟೆಗೆ ಹೋದರು. ಗೋಡೆಯ ಮೇಲೆ ಐನೂರು ವರ್ಷದ ಹಿಂದಿನ ಚಿತ್ರಗಳು, ಉದ್ದ ನಿಲುವಂಗಿಯ ಹೆಂಗಸರು ಚೆಂಡಾಡುತ್ತಿರುವುದು. ಬ್ರಾಕ್‌ಮನ್ ಮೇಡಂ ಪುಸ್ತಕ ತೆರೆದು, ಇದು ರುಂಕೆಲ್‌ಸ್ಟೈನ್ ತಾನೆ ಎಂದು ಕೇಳಿದರು. ಅಫ್ರಾ ಇನ್ಸ್‌ಪೆಕ್ಟರನ ಕಡೆ ನೋಡಿ, "ಇವತ್ತು ಈ ಕೋಟೆಗೆ ಹೆಸರಿಲ್ಲ ಮೇಡಂ. ನೀವು ಓದಿದ್ದನ್ನ ನಾನು ಕೇಳಿಸ್ಕೊಂಡೆ ಅಷ್ಟೆ" ಎಂದಳು. ಮೇಡಂ ಇನ್ಸ್‌ಪೆಕ್ಟರನ ನೋಟುಬುಕ್ಕನ್ನೊಮ್ಮೆ ನೋಡಿದರು. ಅಲ್ಲಿಂದ ಮುಂದೆ ಪ್ರತಿ ಸ್ಥಳದಲ್ಲೂ ಅವರು ಪುಸ್ತಕ ತೆರೆದು ಹೆಸರನ್ನು ತಾವೇ ಗಟ್ಟಿಯಾಗಿ, ತರಗತಿಯಲ್ಲಿ ಓದಿದಂತೆ, ಓದತೊಡಗಿದರು. ಉಳಿದ ಎಂಟು ಜನ ಅದನ್ನು ಪುನರುಚ್ಚರಿಸಿದರು. ಹೊರದೇಶದ ಮುದುಕಿಯೊಬ್ಬರು ತಮ್ಮ ಪುಸ್ತಕ ಓದುವುದನ್ನು ತಡೆಯುವ ಕಾನೂನು ತದ್ದೇಯಿಯ ಬಳಿ ಇರಲಿಲ್ಲ.

ಊಟಕ್ಕೆ ಕುಳಿತಾಗ ಅವನು ಅಫ್ರಾಳ ಎದುರು ಬಂದು ಕುಳಿತ. ಇಬ್ಬರ ಮುಂದೆಯೂ ಕಣಕದುಂಡೆ ಹಾಕಿದ ಸಾರು ಬಂತು. ಅವನೇ ಮೊದಲು ಮಾತು ತೆಗೆದ.

"ನೀವು ಜಾಣೆ ಇರಬಹುದು. ಆದ್ರೆ ಗೈಡ್ ಆದೋರು ಹೆಸರು ಹೇಳ್ಬೇಕು. ಹೇಳ್ದೆ ಇರೋದೂ ತಪ್ಪೇ."

"ಹಾಗಂತ ನಿಮ್ಮ ಕಾನೂನು ಪುಸ್ತಕದಲ್ಲಿ ಬರ್ದಿದ್ಯಾ?"

"ಬರೆಸ್ತೀನಿ."

"ಬರೆಸಿ. ಅಲ್ಲೀವರೆಗೂ ಸಾರು ಕುಡೀರಿ, ಆರ್ತಾ ಇದೆ."

ಮಧ್ಯಾಹ್ನ ಬೆಟ್ಟವೇರುವ ಹಲ್ಲುಹಳಿಯ ರೈಲು ಹತ್ತಿ ಮೇಲಿನ ಪ್ರಸ್ಥಭೂಮಿಗೆ ಹೋದರು. ಕೆಳಗೆ ಸೇಬಿನ ಹೂವು ಉದುರಿ ಕಾಯಿ ಕಚ್ಚಿದ್ದರೆ ಮೇಲೆ ಇನ್ನೂ ಮರಗಳು ಬೆಳ್ಳಗಿದ್ದವು. ಕಂದರದಲ್ಲಿ ಮಣ್ಣಿನ ಕಂಬಗಳನ್ನು ನೋಡಿದರು. ಒಂದೊಂದರ ತಲೆಯ ಮೇಲೂ ಒಂದೊಂದು ಬಂಡೆ, ಆ ಬಂಡೆ ಬಿದ್ದ ದಿನ ಕಂಬವೂ ಮಳೆಗೆ ಕರಗುತ್ತದೆ. ಅಲ್ಲಿಂದ ಹುಲ್ಲುಗಾವಲಿನ ಅಂಚಿಗೆ ಬರುವಷ್ಟರಲ್ಲಿ ಹೊತ್ತು ಇಳಿದಿತ್ತು. ತದ್ದೇಯಿಯ ಹಿಮ್ಮಡಿ ಹೊಸ ಬೂಟಿಗೆ ಸುಲಿದು ಅವನು ಕುಂಟುತ್ತಿದ್ದ. ಕಣಿವೆಯಾಚೆ ಪರ್ವತದ ಸಾಲು ಎಡದಿಂದ ಬಲಕ್ಕೆ ಪೂರ್ತಿ ತೆರೆದುಕೊಂಡಿತ್ತು. ಸಂಜೆಯ ಬಿಸಿಲು ಬಿದ್ದು ನಡುವಿನ ಕಲ್ಲಿನ ಗೋಡೆ ಕೆಂಪಗಾಗಲು ಶುರುವಾಗಿತ್ತು.

ಶಿಕ್ಷಕಿಯರು ಅಂಚಿನಲ್ಲಿ ಸಾಲಾಗಿ ನಿಂತರು. ಬ್ರಾಕ್‌ಮನ್ ಮೇಡಂ ಪುಸ್ತಕ ತೆರೆಯಲಿಲ್ಲ. ಅದನ್ನು ಮುಚ್ಚಿ ಚೀಲಕ್ಕೆ ಹಾಕಿದರು.

"ನಮ್ಮಪ್ಪ ಇದನ್ನ ನೋಡ್ಬೇಕು ಅಂತ ಪುಸ್ತಕ ತಗೊಂಡಿದ್ರು, ಬರೋಕಾಗ್ಲಿಲ್ಲ," ಎಂದರು. "ಓದೋದು ಸಾಕಾಯ್ತು ನಂಗೆ. ಇಲ್ಲಿಯವರು ಇದನ್ನ ಏನಂತಾರೆ ಅಂತ ಇಲ್ಲಿಯವರ ಬಾಯಲ್ಲೇ ಕೇಳೋಣ ಅಂತ ಆಸೆ. ನಿಮಗೆ ತೊಂದ್ರೆ ಆಗೋದಾದ್ರೆ ಬೇಡ."

ಬೆಳಗಿನಿಂದ ಆಡಿದ ಆಟ ಅಫ್ರಾಳಿಗೆ ಒಮ್ಮೆಗೇ ಸಣ್ಣದಾಗಿ ಕಂಡಿತು. ಹೆಸರು ಹೇಳದೆ ತಪ್ಪಿಸಿಕೊಳ್ಳುವುದಕ್ಕೂ ಕಲ್ಲಿನ ಮೇಲೆ ಖಾಲಿ ಜಾಗ ಬಿಡುವುದಕ್ಕೂ ಏನು ವ್ಯತ್ಯಾಸ? ಬಿಲ್ಲೆ ಉಳಿಸಿಕೊಂಡು ಮೂಗಿಯಾಗಿ ಊರು ತೋರಿಸಿದರೆ ಗೆದ್ದವರು ಯಾರು? ಹೊಸ ಪಟ್ಟಿಯಲ್ಲಿ ಆ ಕೆಂಪು ಗೋಡೆಯ ಹೆಸರು ಅವಳ ಕಿವಿಗೆ ಯಾವಾಗಲೂ ಬಾಗಿಲಿನ ಅಗುಳಿ ಹಾಕಿದಂತೆ ಕೇಳಿಸುತ್ತಿತ್ತು. ಅವಳ ಜನ ಅದನ್ನು ಕರೆಯುತ್ತಿದ್ದುದು ಗುಲಾಬಿತೋಟ ಎಂದು.

ಅವಳು ತದ್ದೇಯಿಯ ಕಡೆ ತಿರುಗಿ, "ಬರ್ಕೊಳ್ಳಿ, ನಿಧಾನವಾಗಿ ಹೇಳ್ತೀನಿ" ಎಂದಳು.

ಕೋಲೆತ್ತಿ ಎಡಗಡೆಯಿಂದ ಶುರುಮಾಡಿದಳು. ಲಾಂಗ್‌ಕೋಫೆಲ್. ಪ್ಲಾಟ್‌ಕೋಫೆಲ್. ಶ್ಲೆರ್ನ್. ಅದರ ಮೂಗಿನಂತೆ ಚಾಚಿರುವುದು ಸಾಂಟ್ನರ್. ಕೆಂಪಗಿರುವುದು ರೋಸೆನ್‌ಗಾರ್ಟೆನ್, ಗುಲಾಬಿತೋಟ. ಆಮೇಲೆ ಲಾಟೆಮಾರ್. ಶ್ವಾರ್ಟ್ಸ್‌ಹಾರ್ನ್, ವೈಸ್‌ಹಾರ್ನ್, ಒಂದು ಕರಿ ಕೊಂಬು, ಒಂದು ಬಿಳಿ ಕೊಂಬು. ಕೆಳಗೆ ಹರಿಯುವ ಹೊಳೆ ಐಸಾಕ್. ಹೊಳೆಯ ಕೊನೆಯಲ್ಲಿ ಹೊಗೆಯಾಡುತ್ತಿರುವುದು ನನ್ನ ಊರು, ಬೋಟ್ಸೆನ್.

ಕೂಗಲಿಲ್ಲ. ಆದರೆ ಹುಲ್ಲುಗಾವಲಿನ ತುದಿಯವರೆಗೂ ಕೇಳುವಂತೆ ಹೇಳಿದಳು. ಬೇಲಿಯಾಚೆ ಮೇಕೆಗಳನ್ನು ಹೊಡೆದುಕೊಂಡು ಹೋಗುತ್ತಿದ್ದ ಮುದುಕಿಯೊಬ್ಬಳು ನಿಂತು ಪೂರ್ತಿ ಕೇಳಿಸಿಕೊಂಡಳು.

"ರೋಟ್‌ವಾಂಡ್ ಬಿಟ್ಟೆಯಲ್ಲವ್ವಾ," ಎಂದಳು. "ಗುಲಾಬಿತೋಟದ ಬಲಕ್ಕೆ. ನಿಮ್ಮಪ್ಪ ಯಾವತ್ತೂ ಬಿಡ್ತಿರ್ಲಿಲ್ಲ."

ತದ್ದೇಯಿ ಬೇಲಿಯ ಹತ್ತಿರ ಕುಂಟುತ್ತ ಹೋಗಿ ಅವಳ ಹೆಸರು ಕೇಳಿದ. ಮುದುಕಿ ಅವನನ್ನು ತಲೆಯಿಂದ ಬೂಟಿನವರೆಗೆ ನೋಡಿದಳು. "ನಾನು ನನ್ನ ಮೇಕೆ ಕರೀತಿದ್ದೆ ಸ್ವಾಮಿ. ಅದರ ಹೆಸರು ರೋಟ್‌ವಾಂಡ್. ಬೇಕಿದ್ರೆ ಅದನ್ನೇ ಕೇಳಿ," ಎಂದು ಮೇಕೆಗಳನ್ನು ಹೊಡೆದುಕೊಂಡು ಇಳಿಜಾರಿನಲ್ಲಿ ಇಳಿದುಹೋದಳು.

ಅವನು ವಾಪಸು ಬಂದು ಅಫ್ರಾಳ ಮುಂದೆ ಕೈ ಚಾಚಿದ. ಅವನ ಕಿವಿ ಕೆಂಪಗಾಗಿತ್ತು. ಅವಳು ಕೋಟಿನ ಮೇಲಿದ್ದ ಹಿತ್ತಾಳೆಯ ಬಿಲ್ಲೆಯನ್ನು ತಾನೇ ಬಿಚ್ಚಿ ಅವನ ಅಂಗೈಗೆ ಹಾಕಿದಳು. ಆಮೇಲೆ ಒಂದು ಮಾತು ಹೇಳಿದಳು: ಈಗ ತಾನು ಗೈಡಲ್ಲ, ಈ ಒಂಬತ್ತು ಜನರ ಹೊಣೆ ಸರ್ಕಾರದ್ದು, ಕೊನೆಯ ರೈಲಿಗೆ ಮುಕ್ಕಾಲು ಗಂಟೆ ಇದೆ, ದಾರಿ ಕಾಡಿನೊಳಗೆ ಮೂರು ಕಡೆ ಕವಲೊಡೆಯುತ್ತದೆ, ಕರೆದುಕೊಂಡು ಹೊರಡಿ. ತದ್ದೇಯಿ ಕಾಡಿನ ಕಡೆ ನೋಡಿದ. ಅವನಿಗೆ ದಾರಿ ಗೊತ್ತಿರಲಿಲ್ಲ.

"ನಾನಂತೂ ಮನೆಗೆ ಹೋಗ್ತೀನಿ," ಎಂದು ಅಫ್ರಾ ಹೊರಟಳು. ಶಿಕ್ಷಕಿಯರು ಒಬ್ಬರ ಮುಖ ಒಬ್ಬರು ನೋಡಿಕೊಳ್ಳಲೂ ಇಲ್ಲ, ಅವಳ ಹಿಂದೆ ನಡೆದರು. ಸರ್ಕಾರ ಎಲ್ಲರಿಗಿಂತ ಹಿಂದೆ ಕುಂಟುತ್ತ ಬಂತು. ಎರಡನೆಯ ಕವಲಿನಲ್ಲಿ ಅವನು ತೀರಾ ಹಿಂದೆ ಬಿದ್ದಾಗ ಅವಳು ನಿಂತು ಕಾದಳು. ತಿರುಗಿ ನೋಡಲಿಲ್ಲ, ಹೆಜ್ಜೆಯ ಸದ್ದು ಹತ್ತಿರವಾದ ಮೇಲೆ ಮತ್ತೆ ನಡೆದಳು. ರೈಲು ಸಿಕ್ಕಿತು.

ಮೂರು ದಿನದ ನಂತರ ಕಚೇರಿಯಿಂದ ಕರೆ ಬಂತು. ಉದ್ದನೆಯ ಮೇಜಿನ ಹಿಂದೆ ಮೀಸೆಯ ಮೇಲಧಿಕಾರಿ, ಪಕ್ಕದಲ್ಲಿ ಟೈಪು ಮಾಡುವ ಗುಮಾಸ್ತ, ಕಿಟಕಿಯ ಬಳಿ ತದ್ದೇಯಿ. ಮೇಲಧಿಕಾರಿ ಹೇಳಿಕೆಯನ್ನು ಓದಿದ. ನಿಷೇಧಿತ ಹೆಸರುಗಳನ್ನು ಸಾರ್ವಜನಿಕವಾಗಿ, ವಿದೇಶೀಯರ ಮುಂದೆ, ಬೇಕೆಂದೇ ಹೇಳಿದ್ದಕ್ಕಾಗಿ ಅಫ್ರಾ ಮುಮೆಲ್ಟರ್ ಇನ್ನು ಮುಂದೆ ಎಂದೆಂದಿಗೂ ಗೈಡ್ ಕೆಲಸ ಮಾಡಕೂಡದು. ತಪ್ಪೊಪ್ಪಿಕೊಂಡು ಸಹಿ ಹಾಕಿದರೆ ಇಷ್ಟಕ್ಕೇ ಮುಗಿಯುತ್ತದೆ, ಇಲ್ಲದಿದ್ದರೆ ಜೈಲು.

ಅಫ್ರಾ ಕಾಗದವನ್ನು ಎರಡು ಸಲ ಓದಿದಳು. ಇಪ್ಪತ್ತು ವರ್ಷದ ಕೆಲಸ ಆ ಕಾಗದದಲ್ಲಿ ಮುಗಿದುಹೋಗಿತ್ತು.

"ಸಹಿ ಹಾಕ್ತೀನಿ," ಎಂದಳು. "ಆದ್ರೆ ಇದು ಪೂರ್ತಿಯಾಗಿಲ್ಲ. 'ನಿಷೇಧಿತ ಹೆಸರುಗಳು' ಅಂದ್ರೆ ಯಾವುವು? ನಾನೇನು ಅಂದೆ ಅಂತ ಬರೀದೆ ಇದ್ರೆ ಸಹಿ ಹೇಗೆ ಹಾಕ್ಲಿ? ನಾಳೆ ಇನ್ನೇನೋ ಅಂದಿದ್ದೆ ಅಂತ ನೀವು ಸೇರಿಸಿದ್ರೆ?"

ಮೇಲಧಿಕಾರಿ ಗದರಿದ. ಅವಳು ಕದಲಲಿಲ್ಲ. ಜೈಲಾದರೂ ಸರಿ, ಅರ್ಧ ಹೇಳಿಕೆಗೆ ಸಹಿ ಇಲ್ಲ ಎಂದಳು. ಅವನು ಕಾನೂನು ಓದಿದವನು. ಅವಳ ಮಾತಿನಲ್ಲಿ ಲೋಪ ಕಾಣಲಿಲ್ಲ. ಹೊರಗೆ ಇನ್ನೂ ಆರು ಜನ ಕಾಯುತ್ತಿದ್ದರು. ಬೇಸತ್ತು ಗುಮಾಸ್ತನಿಗೆ ಕೈ ಬೀಸಿದ.

ಗುಮಾಸ್ತ ಯಂತ್ರಕ್ಕೆ ಹೊಸ ಕಾಗದ ಏರಿಸಿದ. ಅಫ್ರಾ ಒಂದೊಂದೇ ಹೆಸರನ್ನು ಹೇಳಿದಳು. ಅವನು ತಪ್ಪು ಹೊಡೆದಾಗ ಬಗ್ಗಿ ನೋಡಿ ತಿದ್ದಿಸಿದಳು. ಶ್ಲೆರ್ನ್‌ಗೆ ಮೂರು ಕಾಗದ ಹಾಳಾಯಿತು. ಲಾಟೆಮಾರ್ ಬಂದಾಗ ಗುಮಾಸ್ತ ಪಟ್ಟಿ ನೋಡಿ, ಇದು ಎರಡು ಭಾಷೆಯಲ್ಲೂ ಒಂದೇ ತಾನೆ, ಬಿಡೋಣವೇ ಎಂದ. ತಾನು ಅದನ್ನು ಹಳೆಯ ರೀತಿಯಲ್ಲೇ ಹೇಳಿದ್ದು, ಬರೆಯಿರಿ ಎಂದಳು.

ಹತ್ತು ಹೆಸರು ಮುಗಿದವು. ತದ್ದೇಯಿ ನೋಟುಬುಕ್ಕು ತೆರೆದು ಗಂಟಲು ಸರಿಮಾಡಿಕೊಂಡ. ಹನ್ನೊಂದನೆಯದು ಒಂದಿತ್ತು, ಆದರೆ ಅದನ್ನು ಹೇಳಿದ್ದು ಬೇರೆ, ಒಬ್ಬಳು ಮೇಕೆ ಕಾಯುವ... ಎಂದು ಶುರುಮಾಡಿದ.

"ರೋಟ್‌ವಾಂಡ್," ಎಂದಳು ಅಫ್ರಾ. "ಅದನ್ನೂ ನಾನೇ ಹೇಳಿದ್ದು."

ತದ್ದೇಯಿ ಅವಳನ್ನು ನೋಡಿದ. ಅವಳೂ ದೃಷ್ಟಿ ಕದಲಿಸಲಿಲ್ಲ. ಮೇಲಧಿಕಾರಿ, ಹೌದೇನಯ್ಯಾ, ಇವಳೇ ಹೇಳಿದ್ದೇ ಎಂದು ಕೇಳಿದ. ತದ್ದೇಯಿ ನೋಟುಬುಕ್ಕು ಮುಚ್ಚಿ ಜೇಬಿಗಿಟ್ಟುಕೊಂಡ.

"ಹೌದು," ಎಂದ. "ಇವರೇ."

ಎಲ್ಲೂ ಬರೆಯಕೂಡದಿದ್ದ ಹನ್ನೊಂದೂ ಹೆಸರು ಸರ್ಕಾರದ್ದೇ ಕಾಗದದ ಮೇಲೆ ಬಂದವು. ಕೆಳಗೆ ರಾಜಮುದ್ರೆ ಬಿತ್ತು. ಅಫ್ರಾ ಸಹಿ ಹಾಕಿ, ನನಗೊಂದು ಪ್ರತಿ ಕೊಡಿ, ಕಾನೂನಿನಲ್ಲಿ ಅದೂ ಇದೆ ಎಂದಳು. ಕೊಟ್ಟರು.

ಆ ಬೇಸಿಗೆ ಅವಳು ಒಂದು ಹೋಟೆಲಿನಲ್ಲಿ ಬಟ್ಟೆ ಒಗೆಯುವ ಕೆಲಸಕ್ಕೆ ಸೇರಿದಳು. ಒಗೆಯುವ ಸೋಡಾಪುಡಿಗೆ ಬೆರಳುಗಳು ಒಡೆದವು. ಭಾನುವಾರ ಚರ್ಚಿನ ಪೂಜೆ ಮುಗಿದ ಮೇಲೆ ಕೋಲು ಹಿಡಿದು ಕೋಟೆಯ ದಾರಿಯಲ್ಲಿ ಒಬ್ಬಳೇ ಹೊರಡುತ್ತಿದ್ದಳು. ಮೊದಲ ವಾರ ಅವಳ ಹಿಂದೆ ಯಾರೂ ಬರಲಿಲ್ಲ. ಎರಡನೆಯ ವಾರ ಹಣ್ಣಿನ ಅಂಗಡಿಯವಳು ಇಬ್ಬರು ಹೆಣ್ಣುಮಕ್ಕಳನ್ನು ಕರೆದುಕೊಂಡು ಬಂದಳು. ಈ ಮಕ್ಕಳಿಗೆ ಶಾಲೆಯಲ್ಲಿ ನಮ್ಮ ಊರು, ಬೆಟ್ಟ ಏನೂ ಗೊತ್ತಾಗುವುದಿಲ್ಲ, ಸ್ವಲ್ಪ ದೂರ ಜತೆಗೆ ಬರುತ್ತೇವೆ ಎಂದಳು. ಆಗಸ್ಟ್ ಹೊತ್ತಿಗೆ ಹದಿನೈದು ಜನರಾಗಿದ್ದರು. ಸೇತುವೆಯ ಹತ್ತಿರ ಪೊಲೀಸಿನವನೊಬ್ಬ ಅಡ್ಡ ನಿಂತು, ಎಲ್ಲಿಗೆ ಹೊರಟಿದ್ದೀರಿ ಇಷ್ಟು ಜನ ಎಂದು ಕೇಳಿದ.

"ಗಾಳಿ ಸೇವನೆಗೆ," ಎಂದಳು ಅಫ್ರಾ. "ಇವರೆಲ್ಲ ಯಾಕೆ ಬರ್ತಿದಾರೆ ಅಂತ ಅವರನ್ನೇ ಕೇಳಿ."

ಅವನು ಒಬ್ಬೊಬ್ಬರನ್ನೇ ಕೇಳುತ್ತ ಹಿಂದಕ್ಕೆ ಹೋದ. ಅವಳು ಸೇತುವೆ ದಾಟಿ, ಆಚೆ ದಂಡೆಯಲ್ಲಿ ಕೋಲೂರಿ ನಿಂತು, ಅವರು ಬರಲೆಂದು ಕಾದಳು.