ಕಬ್ಬಿನಾಚೆಯ ಬಾವುಟ

ಬಾವುಟ ಬಾಗಿತು. ಅದರ ಮೇಲಿಂದ ಹಾದು ಹೋಗುತ್ತ ನಾಗನಾಥ ವಿಮಾನ ನಡೆಸುವ ಸ್ಟಿಕ್ಕಿನಿಂದ ಒಂದು ಬೆರಳೆತ್ತಿ ಮರುನಮಸ್ಕಾರ ಮಾಡಿದ. ವಿಮಾನ ಮೇಲೇರಿತು, ಎಡಕ್ಕೆ ವಾಲಿತು. ಕತ್ತು ಹೊರಳಿಸಿ ಹಿಂದೆ ನೋಡಿದರೆ ಎಂದಿನಂತೆ ಮದ್ದಿನ ಬಿಳಿ ಮಂಜು, ಮಂಜಿನ ಮೇಲೆ ಬಿದಿರು ಕೋಲಿಗೆ ಕಟ್ಟಿದ ಧೋತರದ ತುಂಡು. ಅದನ್ನು ಹಿಡಿದವರು ಗಂಡಸೋ ಹೆಂಗಸೋ ಅವನಿಗೆ ಗೊತ್ತಿರಲಿಲ್ಲ. ಆಳೆತ್ತರ ಮೀರಿ ಬೆಳೆದ ಕಬ್ಬು ಅವರನ್ನು ಮರೆ ಮಾಡಿತ್ತು.

ಎಪ್ಪತ್ತೈದರ ಆ ಮಳೆಗಾಲದಲ್ಲಿ ಹುಮನಾಬಾದಿನ ಸುತ್ತಲ ಕಬ್ಬಿಗೆಲ್ಲ ಹುಳ ಬಿದ್ದಿತ್ತು. ಮದ್ದು ಹೊಡೆಯಲು ಹೈದರಾಬಾದಿನ ಖಾಸಗಿ ಕಂಪನಿಯೊಂದು ಒಬ್ಬನೇ ಕೂರುವ ಪುಟ್ಟ ವಿಮಾನವನ್ನೂ, ಓಡಿಸಲು ನಾಗನಾಥನನ್ನೂ, ರಿಪೇರಿಗೆ ಮಿಸ್ತ್ರಿ ಬಂದೇನವಾಜನನ್ನೂ ಕಳಿಸಿತ್ತು. ಕೆಲಸದ ರೀತಿ ಸರಳ. ಹೊಲದ ಆಚೆ ತುದಿಯ ಬದುವಿನ ಮೇಲೆ ಒಬ್ಬರು ಬಾವುಟ ಹಿಡಿದು ನಿಲ್ಲುತ್ತಾರೆ. ವಿಮಾನ ಅದರ ನೇರಕ್ಕೆ ಹಾರಬೇಕು, ಬಾವುಟ ದಾಟುವ ತನಕ ಮದ್ದು ಬೀಳುತ್ತಲೇ ಇರಬೇಕು. ದಾಟಿದ ಮೇಲೆ ಅವರು ಮದ್ದು ಬಿದ್ದಷ್ಟು ಅಗಲ ಪಕ್ಕಕ್ಕೆ ಸರಿದು ಮುಂದಿನ ಸಾಲು ತೋರಿಸುತ್ತಾರೆ. ಬೇರೆ ಹೊಲಗಳ ಬಾವುಟಗಳು ಗೂಟದ ಹಾಗೆ ನಿಂತಿರುತ್ತಿದ್ದವು. ಹುಡಗಿ ಎಂಬ ಊರಿನ ಈ ಬಾವುಟ ಮಾತ್ರ ಅವನು ಹತ್ತಿರ ಬಂದಾಗಲೆಲ್ಲ ಒಮ್ಮೆ ಬಾಗಿ ಏಳುತ್ತಿತ್ತು.

ಇದನ್ನವನು ಒಂದು ಸಂಜೆ ಬಂದೇನವಾಜನಿಗೆ ಹೇಳಿ ತಪ್ಪು ಮಾಡಿದ್ದ. ಅಂದಿನಿಂದ ದಿನಾ ಅದೇ ಚೇಷ್ಟೆ. "ಸಾಬ್, ಝಂಡಾದವರ ಮನಿ ಹುಡುಕಲೇನ್ರಿ? ಮಾತುಕತಿ ಮುಗಿಸೇ ಬಿಡೂಣ."

ನಾಗನಾಥ ನಕ್ಕುಬಿಡುತ್ತಿದ್ದ. ಇಬ್ಬರೂ ಇಳಿದುಕೊಂಡಿದ್ದ ಬಂಗಲೆಯಲ್ಲಿ ಬೇರೆ ಯಾರ ಜೊತೆಗೂ ಮಾತಿರಲಿಲ್ಲ. ಅವನ ಊರು ಬಸವಕಲ್ಯಾಣ, ಬಸ್ಸಿನಲ್ಲಿ ಕೂತರೆ ಊಟದ ಹೊತ್ತಿಗೆ ಮನೆ. ಆದರೆ ಮನೆತನದ ಅರಿವೆ ಅಂಗಡಿಯ ಗಲ್ಲಾ ಬಿಟ್ಟು ವಿಮಾನ ಕಲಿಯಲು ಹೋದಂದೇ ಅಪ್ಪ ಬಕ್ಕಪ್ಪ ಮಾತು ನಿಲ್ಲಿಸಿದ್ದರು. ಅವರು ಸತ್ತ ಸುದ್ದಿ ಮಗನನ್ನು ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಯಾಕೆ ತಡವಾಯಿತೆಂದು ಅಣ್ಣ ಹೇಳಲಿಲ್ಲ, ಇವನೂ ಕೇಳಲಿಲ್ಲ. ಈಗ ಸಂಜೆಗಳಲ್ಲಿ ಬಸ್ ಸ್ಟ್ಯಾಂಡಿಗೆ ಹೋಗಿ, ಕಲ್ಯಾಣದ ಬಸ್ಸು ತುಂಬಿ ಹೊರಡುವುದನ್ನು ನೋಡಿ, ಚಹಾ ಕುಡಿದು ವಾಪಸು ಬರುತ್ತಿದ್ದ. ಮರುದಿನ ಬೆಳಿಗ್ಗೆ ಆ ಬಾವುಟ ಬಾಗುತ್ತಿತ್ತು. ಅಷ್ಟು ಸಾಕಾಗುತ್ತಿತ್ತು.

ರಾತ್ರಿ ಮಳೆ ಬಂದು ಬಿಟ್ಟ ಒಂದು ಬೆಳಿಗ್ಗೆ, ಮದ್ದು ತುಂಬಿಕೊಂಡು ಮೊದಲ ಸಾಲಿಗೆ ಇಳಿದ. ಕಬ್ಬಿನ ಗರಿಗಳು ಗಾಲಿಗೆ ತಾಕುವಷ್ಟು ಕೆಳಗೆ. ಅರ್ಧ ಹೊಲ ದಾಟಿರಬೇಕು, ಎಂಜಿನ್ನು ಕೆಮ್ಮಿತು. ಇನ್ನೊಮ್ಮೆ ಕೆಮ್ಮಿ ತಗ್ಗಿತು. ಕೈ ತಾನಾಗಿಯೇ ಪೆಟ್ರೋಲ್ ಪಂಪಿನ ಸ್ವಿಚ್ಚು ಒತ್ತಿತು, ಇನ್ನೊಂದು ಟಾಕಿಗೆ ತಿರುವಿತು. ಎಂಜಿನ್ನು ಹಿಡಿಯಲಿಲ್ಲ.

ಇಂಥ ಹೊತ್ತಿಗೆಂದು ಕಲಿಸಿದ್ದು ಒಂದೇ: ಮೊದಲು ಮದ್ದಿನ ಭಾರ ಇಳಿಸು. ಎಡಗೈಯ ಕೆಂಪು ಹಿಡಿಕೆ ಎಳೆದರೆ ವಿಮಾನದ ಹೊಟ್ಟೆಯಲ್ಲಿದ್ದ ಮದ್ದೆಲ್ಲ ಒಂದೇ ಸಲಕ್ಕೆ ಸುರಿದು ವಿಮಾನ ಹಗುರಾಗುತ್ತದೆ. ಎಳೆಯದಿದ್ದರೆ ಭಾರಕ್ಕೆ ಕಬ್ಬಿನೊಳಗೆ ಮುಗ್ಗರಿಸಿ ಮಗುಚುತ್ತದೆ. ಕೈ ಹಿಡಿಕೆಯ ಮೇಲಿತ್ತು. ಮೂಗಿನ ನೇರಕ್ಕೆ ಬಾವುಟ; ಎಳೆದರೆ ಎಲ್ಲ ಅದರಡಿ ನಿಂತವರ ಮೇಲೆ. "ಓಡು" ಎಂದು ಕೂಗಿದ. ಎಂಜಿನ್ನಿನ ಸದ್ದು ಎಷ್ಟು ಸತ್ತಿತ್ತೆಂದರೆ ಅವನ ಕೂಗು ಅವನಿಗೇ ಕೇಳಿಸಿತು. ಬಾವುಟ ಓಡಲಿಲ್ಲ. ಎಂದಿನ ಹಾಗೆ ಬಾಗಿತು.

ಅವನು ಹಿಡಿಕೆ ಎಳೆಯಲಿಲ್ಲ.

ಗಾಲಿಗಳು ಗರಿಗಳನ್ನು ಸೀಳುವ ಸದ್ದು ಬಂತು. ವಿಮಾನ ನಡುಗಿತು, ಕುಸಿಯಿತು, ಹೇಗೋ ಬದು ದಾಟಿತು. ಆಗ ಎಳೆದ. ಭಾರ ಕಳೆದು ವಿಮಾನ ಒಮ್ಮೆ ಮೇಲೆ ನೆಗೆಯಿತು. ಸಿಕ್ಕಿದ ಆ ಚೂರು ಎತ್ತರದಲ್ಲಿ ಎರಡು ಹೊಲ ಕಂಡವು: ಬಲಕ್ಕೆ ಉದ್ದು ಕಿತ್ತು ಹರಗಿದ ಕಪ್ಪು ಎರೆ ನೆಲ, ಸಮ, ಆದರೆ ಹಸಿ, ಎಡಕ್ಕೆ ಕಲ್ಲಿನ ಕೆಂಪು ನೆಲ. ಹಸಿ ಎರೆಯಲ್ಲಿ ಬಂಡಿಯ ಗಾಲಿ ಹೂತು ಎತ್ತು ಮಂಡಿಯೂರುವುದನ್ನು ನೋಡಿ ಬೆಳೆದವನು ಎಡಕ್ಕೆ ತಿರುಗಿದ. ಮೂಗನ್ನು ತಗ್ಗಿಸಿ, ನೆಲ ಹತ್ತಿರ ಬಂದಂತೆ ಎತ್ತಿ ಹಿಡಿದ. ನೆಲ ಬಡಿಯಿತು. ಒಂದು ಗಾಲಿ ಕಿತ್ತು ಹೋಯಿತು. ರೆಕ್ಕೆ ಮಣ್ಣು ಕೆರೆಯುತ್ತ ಅರ್ಧ ಸುತ್ತು ತಿರುಗಿ ನಿಂತಿತು.

ಹಣೆಯಿಂದ ರಕ್ತ ಇಳಿಯುತ್ತಿತ್ತು. ಎಲ್ಲೋ ಎಮ್ಮೆಯೊಂದು ಕೂಗಿತು, ದೂರದಲ್ಲಿ ಹಿಟ್ಟಿನ ಗಿರಣಿ ಪುಕ್ ಪುಕ್ ಎನ್ನುತ್ತಿತ್ತು. ಇಷ್ಟು ದಿನ ಮೇಲಿಂದ ನೋಡಿದ ಊರಿಗೆ ಸದ್ದೂ ಇತ್ತು.

ಕೆಳಗಿಳಿದು ರೆಕ್ಕೆಗೆ ಒರಗಿ ಕೂತ. ಎಲ್ಲರಿಗಿಂತ ಮೊದಲು ಬಂದವಳು ಬಾವುಟ ಹೆಗಲಿಗೇರಿಸಿದ ಒಬ್ಬ ಹೆಂಗಸು. ನಲವತ್ತರ ಆಸುಪಾಸು. ಸೀರೆಯೆಲ್ಲ ಹನಿ ಹನಿ, ಗಬ್ಬೆನ್ನುವ ಮದ್ದಿನ ವಾಸನೆ. ತನ್ನ ಹೆಸರು ದ್ರೌಪತಿ, ಕೂಲಿಯವಳು ಎಂದಳು. ಯಾಕೆ ಓಡಲಿಲ್ಲವೆಂದು ಕೇಳಿದ.

"ವಿಮಾನ ದಾಟೂ ತನಾ ಜಾಗಾ ಬಿಡಬ್ಯಾಡ ಅಂತ ಮುಕಾದಮ ಬಂಡೆಪ್ಪ ಹೇಳ್ಯಾನ್ರಿ. ಬಿಟ್ಟರ ನಾಳಿ ಕರಿಯಂಗಿಲ್ಲ."

ಬದುಕಿ ಉಳಿದ ಹುಮ್ಮಸ್ಸಿಗೋ ಏನೋ ಅವನಿಗೆ ನಗು ಬಂತು. "ಇವತ್ತೂ ಸಲಾಮ ಮಾಡೂದು ಬಿಡಲಿಲ್ಲ ನೀ."

"ಯಾವ ಸಲಾಮ್ರಿ?"

ಅವನು ಕೈಯಿಂದ ಬಾವುಟ ಬಾಗುವುದನ್ನು ತೋರಿಸಿದ. ಅವಳು ಒಂದು ಗಳಿಗೆ ಅವನ ಕೈಯನ್ನೇ ನೋಡಿದಳು.

"ಅದಾ? ಮದ್ದು ಬೀಳ್ತದಲ್ರಿ ಸಾಹೇಬ್ರ. ಗಂಡಸರು ಮದಲೇ ಮಾರಿಗಿ ರುಮಾಲ ಕಟಗೋತಾರ. ನಂದು ಸೆರಗು, ನಿಂದ್ರಂಗಿಲ್ಲ. ಎರಡೂ ಕೈಲೆ ಹಿಡಕೋಬೇಕು. ಅದಕ ಕೋಲು ಬಗಲಾಗ ಒತ್ತಿ ಹಿಡೀತೀನ್ರಿ, ಅದು ಬಾಗ್ತದ." ಕಣ್ಣು ಕೆಂಪಾಗಿ ನೀರೂರುತ್ತಿತ್ತು. ಹೊರಗೈಯಿಂದ ಒರೆಸಿಕೊಂಡಳು. "ತಲಿಗಿ ಪೆಟ್ಟು ಭಾಳ ಆಗ್ಯಾದೇನ್ರಿ?"

ಇಲ್ಲವೆಂದ. ಅಷ್ಟರಲ್ಲಿ ಜನ ಸೇರಿದರು.

ಪೆಟ್ರೋಲಿನಲ್ಲಿ ನೀರು ಕೂಡಿತ್ತೆಂದು ಬಂದೇನವಾಜ ಕಂಡುಹಿಡಿದ. ಹೊಸ ಗಾಲಿ ಬಂದು ರಿಪೇರಿ ಮುಗಿಯುವ ತನಕ ನಾಗನಾಥ ಬಂಗಲೆಯ ಜಗುಲಿಯಲ್ಲಿ ಕೂತ. ಒಂದು ಸಂಜೆ ಕಲ್ಯಾಣದ ಬಸ್ಸು ಹತ್ತಿಯೂ ಬಿಟ್ಟ. ಕಂಡಕ್ಟರು ಎಲ್ಲಿಗೆಂದು ಕೇಳಿದಾಗ ಇಳಿದು ಬಂದ. ಬಂದೇನವಾಜ ಈಗ ಝಂಡಾದ ಮಾತು ತೆಗೆಯುತ್ತಿರಲಿಲ್ಲ.

ಹುಡಗಿಯ ಕಬ್ಬು ಇನ್ನೂ ಅರ್ಧ ಉಳಿದಿತ್ತು. ಮತ್ತೆ ಹಾರಿದ ದಿನ ಅದೇ ಬದು, ಅದೇ ಬಾವುಟ. ಹೊಲ ಮುಗಿಯಲು ಸಾಕಷ್ಟು ದೂರವಿರುವಾಗಲೇ ಅವನು ಮದ್ದು ನಿಲ್ಲಿಸಿದ. ಬದುವಿನ ಬದಿಯ ಪಟ್ಟಿ ಹುಳಕ್ಕೇ ಉಳಿಯುತ್ತದೆ, ಕೇಳುವವರು ಕೇಳುತ್ತಾರೆ ಎಂದು ಗೊತ್ತಿತ್ತು. ಬಾವುಟ ಬಾಗಿತು.

ಎರಡನೆಯ ಸಾಲಿಗೂ ಹಾಗೇ ಮಾಡಿದ. ಬಾವುಟ ಅರ್ಧ ಬಾಗಿ ತಡೆಯಿತು.

ಮೂರನೆಯ ಸಲ ಅವನು ಬರುವಾಗ ಅದು ನೆಟ್ಟಗೆ ನಿಂತಿತ್ತು. ದಾಟಿ ಮೇಲೇರಿ, ವಾಲಿ, ಕತ್ತು ಹೊರಳಿಸಿ ನೋಡಿದ. ಮಂಜಿಲ್ಲದ ತಿಳಿ ಬೆಳಕಿನಲ್ಲಿ ಧೋತರದ ತುಂಡು ಕಬ್ಬಿನ ಮೇಲೆ ನೆಟ್ಟಗೇ ಸರಿದು, ಮುಂದಿನ ಸಾಲಿಗೆ ನಿಂತಿತು.